ಕೊಳ್ಳೆ ಹೋದ ಮೇಲೆ ಹಾಕಿದ ಬಾಗಿಲು

‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮುಂದಾಲೋಚನೆಯಿಲ್ಲದವರನ್ನು ಹಾಸ್ಯ ಮಾಡಲು ಬಳಸುತ್ತೇವೆ. ನಾನೂ ಬಹುಕಾಲ ಹಾಗೆಯೇ ಬಳಸಿದವನು. ಆದರೆ ಕಂಪ್ಯೂಟರುಗಳ ಜಾಲಕ್ಕೆ ಕಾವಲು ನಿಂತಿರುವ ‘ಫೈರ್‌ವಾಲ್’ ಎಂಬ ವ್ಯವಸ್ಥೆಯ ಚರಿತ್ರೆಯನ್ನು ಓದುತ್ತಾ ಹೋದಂತೆ ಈ ಗಾದೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಆ ಚರಿತ್ರೆಯಲ್ಲಿ ನಾನು ಕಂಡ ದೊಡ್ಡ ಬಾಗಿಲುಗಳೆಲ್ಲ ಕೊಳ್ಳೆ ಹೋದ ಮೇಲೆ ಹಾಕಿದವೇ. ಹಾಗಿದ್ದೂ ಅವು ವ್ಯರ್ಥವಾಗಲಿಲ್ಲ. ಅಷ್ಟೇ ಅಲ್ಲ, ಗಾದೆಯು ಕೇಳದೆ ಬಿಟ್ಟ ಪ್ರಶ್ನೆಯೊಂದನ್ನು ಅದು ನಮ್ಮ ಮುಂದಿಡುತ್ತದೆ: ಆ ದಿಡ್ಡಿ ಬಾಗಿಲನ್ನು ಮೊದಲು ತೆರೆದಿಟ್ಟವರು ಯಾರು?

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಫೈರ್‌ವಾಲ್ ಎಂಬ ಹೆಸರಿನ ಪಕ್ಕದಲ್ಲಿ ಒಂದು ಹಸಿರು ಗುರುತು ಇರುತ್ತದೆ. ಅದು ಇದ್ದರೆ ಕಾವಲು ಇದೆ ಎಂದರ್ಥ. ದಿನವೂ ಕಣ್ಣಿಗೆ ಬೀಳುವ ವಸ್ತುವಿನ ಕುಲಗೋತ್ರವನ್ನು ಯಾರೂ ವಿಚಾರಿಸುವುದಿಲ್ಲ. ನಾನು ವಿಚಾರಿಸಹೊರಟದ್ದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಹೆಸರಿನ ಹಿಂದಿರುವ ಬೆಂಕಿ

ಮೊದಲು ಹೆಸರಿನ ಮಾತು. ಫೈರ್‌ವಾಲ್ ಎಂದರೆ ಬೆಂಕಿಯನ್ನು ತಡೆಯುವ ಗೋಡೆ. ಸಾಲುಮನೆಗಳ ನಡುವೆ, ಒಂದು ಮನೆಗೆ ಹತ್ತಿದ ಬೆಂಕಿ ಪಕ್ಕದ ಮನೆಗೆ ಹಬ್ಬದಿರಲೆಂದು ಎಬ್ಬಿಸುವ ಇಟ್ಟಿಗೆಯ ಅಥವಾ ಕಲ್ಲಿನ ಗೋಡೆ ಅದು. ಇಂತಹ ಗೋಡೆ ಎಷ್ಟು ಅವಶ್ಯವೆಂಬುದನ್ನು ಲಂಡನ್ ಪಟ್ಟಣ 1666ರಲ್ಲಿ ಕಲಿಯಿತು. ಆ ವರ್ಷದ ಸೆಪ್ಟೆಂಬರ್ 2ರಂದು ಪುಡಿಂಗ್ ಲೇನ್ ಎಂಬ ಓಣಿಯ ರೊಟ್ಟಿ ಸುಡುವವನ ಮನೆಯಲ್ಲಿ ಹೊತ್ತಿಕೊಂಡ ಬೆಂಕಿ, ಒತ್ತಾಗಿ ನಿಂತಿದ್ದ ಮರದ ಮನೆಗಳನ್ನು ಒಂದಾದ ಮೇಲೊಂದರಂತೆ ನುಂಗುತ್ತಾ ನಾಲ್ಕು ದಿನ ಉರಿಯಿತು. ಸುಮಾರು 13,200 ಮನೆಗಳೂ 87 ಚರ್ಚುಗಳೂ ಬೂದಿಯಾದವು. ಮರುವರ್ಷ ಬಂದ ಕಾಯಿದೆ, ಇನ್ನು ಮುಂದೆ ಮನೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಲ್ಲಿಯೇ ಕಟ್ಟತಕ್ಕದ್ದೆಂದು ವಿಧಿಸಿತು. ಊರು ಉರಿದ ಮೇಲೆ ಗೋಡೆ ಬಂತು.

ತರುವಾಯ ಮೋಟಾರು ಗಾಡಿಗಳಲ್ಲಿಯೂ ವಿಮಾನಗಳಲ್ಲಿಯೂ ಎಂಜಿನ್ನಿಗೂ ಜನ ಕೂಡುವ ಜಾಗಕ್ಕೂ ನಡುವೆ ಇಡುವ ಲೋಹದ ತಗಡಿಗೆ ಇದೇ ಹೆಸರು ಬಂತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಗೋಡೆ ಬೆಂಕಿಯನ್ನು ಆರಿಸುವುದಿಲ್ಲ. ಬೆಂಕಿ ಬೀಳದಂತೆ ನೋಡಿಕೊಳ್ಳುವುದೂ ಇಲ್ಲ. ಬಿದ್ದ ಬೆಂಕಿಗೆ ಒಂದು ಎಲ್ಲೆ ಹಾಕುತ್ತದೆ, ಅಷ್ಟೆ. 1980ರ ದಶಕದಲ್ಲಿ ಕಂಪ್ಯೂಟರ್ ಎಂಜಿನಿಯರುಗಳು ಈ ಹೆಸರನ್ನು ಎರವಲು ಪಡೆದಾಗ ಅವರ ಮನಸ್ಸಿನಲ್ಲಿದ್ದುದೂ ಇಷ್ಟೇ ವಿನಯದ ಅರ್ಥ. ಅದನ್ನು ಮರೆತು, ಗೋಡೆಯಿದ್ದರೆ ಅಪಾಯವೇ ಇಲ್ಲವೆಂದು ನಂಬಿದವರು ನಾವು.

ಬಾಗಿಲಿಲ್ಲದ ಊರು

ಇಂದಿನ ಇಂಟರ್ನೆಟ್ಟಿನ ತಾಯಿಬೇರು ಅಮೆರಿಕದ ಅರ್ಪಾನೆಟ್ ಎಂಬ ಜಾಲ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ಕಂಪ್ಯೂಟರೊಂದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಮೊದಲ ಸಂದೇಶವನ್ನು ಕಳುಹಿಸಿತು. ವರ್ಷ ಮುಗಿಯುವ ಹೊತ್ತಿಗೆ ಜಾಲದಲ್ಲಿದ್ದುದು ನಾಲ್ಕೇ ಕೇಂದ್ರಗಳು. ಕೆಲಸ ಮಾಡುತ್ತಿದ್ದವರು ವಿದ್ವಾಂಸರು; ಬಹುಮಟ್ಟಿಗೆ ಒಬ್ಬರನ್ನೊಬ್ಬರು ಬಲ್ಲವರು. ನಾಲ್ಕು ಮನೆಯ ಊರಿಗೆ ಯಾರು ಕೋಟೆ ಕಟ್ಟಿಯಾರು? ದೂರದ ಯಂತ್ರವನ್ನು ಪಕ್ಕದ ಯಂತ್ರದಷ್ಟೇ ಸಲೀಸಾಗಿ ಬಳಸುವಂತಾಗಬೇಕು ಎಂಬುದೇ ಅವರ ಹೆಬ್ಬಯಕೆಯಾಗಿತ್ತು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. 1973ರ ಡಿಸೆಂಬರಿನಲ್ಲಿ ಬಾಬ್ ಮೆಟ್‌ಕಾಫ್ ಎಂಬ ಎಂಜಿನಿಯರು ಜಾಲದ ಸಹೋದ್ಯೋಗಿಗಳಿಗೆ ಒಂದು ಪುಟ್ಟ ಟಿಪ್ಪಣಿ ಬರೆದರು. ಜನರು ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡುಗಳನ್ನು ಇಟ್ಟುಕೊಂಡಿದ್ದಾರೆ, ಲಾಸ್ ಏಂಜಲೀಸಿನ ಇಬ್ಬರು ಹೈಸ್ಕೂಲು ಹುಡುಗರು ಒಂದು ಯಂತ್ರದ ಮುಖ್ಯ ಪಾಸ್‌ವರ್ಡನ್ನೇ ಪತ್ತೆಮಾಡಿದ್ದಾರೆ ಎಂದು ಅದರಲ್ಲಿ ತಿಳಿಸಿದರು. ಕಂಪ್ಯೂಟರ್ ಇರುವ ಕೋಣೆಗೆ ಬೀಗ ಹಾಕಿ ಅಭ್ಯಾಸವಾದವರಿಗೆ, ತಂತಿಯ ಮೂಲಕ ಒಳಗೆ ಬರುವವನಿಗೆ ಆ ಬೀಗ ಅಡ್ಡಿಯಲ್ಲವೆಂಬುದು ಹೊಳೆದಿರಲಿಲ್ಲ.

1983ರ ಜನವರಿ 1ರಂದು ಅರ್ಪಾನೆಟ್ ಹೊಸ ಸಂಪರ್ಕ ನಿಯಮಗಳಿಗೆ ಬದಲಾಯಿತು. ಅಲ್ಲಿಂದ ಮುಂದೆ ಜಾಲಕ್ಕೆ ಜಾಲ ಸೇರುತ್ತ ಊರು ಬೆಳೆಯಿತು. ನಂಬಿಕೆ ಮಾತ್ರ ನಾಲ್ಕು ಮನೆಯ ಕಾಲದ್ದೇ ಉಳಿಯಿತು.

1986ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿಗೆ ಒಂದು ಕ್ಷುಲ್ಲಕ ಕೆಲಸ ವಹಿಸಿದರು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟು ತಾಳೆಯಾಗುತ್ತಿರಲಿಲ್ಲ. ಅದು ಹೇಗೆಂದು ನೋಡಬೇಕಾಗಿತ್ತು. ಒಂದು ಡಾಲರೂ ಇಲ್ಲದ ಈ ವ್ಯತ್ಯಾಸವನ್ನು ಬೇರೆಯವರಾಗಿದ್ದರೆ ಕೈಯಿಂದ ತುಂಬಿ ಮುಗಿಸುತ್ತಿದ್ದರೋ ಏನೋ. ಸ್ಟೋಲ್ ಬಿಡಲಿಲ್ಲ. ಒಳಗೆ ಬರುವ ಟೆಲಿಫೋನ್ ಮಾರ್ಗಗಳಿಗೆಲ್ಲ ಎರವಲು ತಂದ ಮುದ್ರಣ ಯಂತ್ರಗಳನ್ನು ಜೋಡಿಸಿ, ರಾತ್ರಿ ಅಲ್ಲಿಯೇ ಮಲಗಿ ಕಾದರು. ಯಾರೋ ಒಬ್ಬನು ಹೊರಗಿನಿಂದ ನುಸುಳಿ, ಆ ಪ್ರಯೋಗಾಲಯವನ್ನು ಮೆಟ್ಟಿಲಾಗಿ ಮಾಡಿಕೊಂಡು, ಅಮೆರಿಕದ ಸೈನ್ಯಕ್ಕೆ ಸೇರಿದ ಕಂಪ್ಯೂಟರುಗಳನ್ನು ತಡಕುತ್ತಿದ್ದುದು ಗೊತ್ತಾಯಿತು. ಅವನನ್ನು ಹೆಚ್ಚು ಹೊತ್ತು ಹಿಡಿದಿಡಲೆಂದು ರಹಸ್ಯ ಯೋಜನೆಯ ಸುಳ್ಳು ಕಡತಗಳನ್ನೇ ಸ್ಟೋಲ್ ಸೃಷ್ಟಿಸಿದರು. ಕೊನೆಗೆ ಸಿಕ್ಕವನು ಜರ್ಮನಿಯ ಹ್ಯಾನೋವರಿನ ಮಾರ್ಕುಸ್ ಹೆಸ್. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರಾಟವಾಗುತ್ತಿತ್ತು.

ನನಗೆ ಈ ಪ್ರಸಂಗದಲ್ಲಿ ಆಶ್ಚರ್ಯವೆನಿಸುವುದು ಗೂಢಚಾರಿಕೆಯಲ್ಲ. ಹೆಸ್ ಅಸಾಧಾರಣ ಜಾಣನೇನೂ ಆಗಿರಲಿಲ್ಲ. ಅವನು ಮಾಡಿದ್ದು ಬಹುಪಾಲು ಒಂದೇ ಕೆಲಸ: ತಾಳ್ಮೆಯಿಂದ ಒಂದೊಂದೇ ಬಾಗಿಲನ್ನು ನೂಕಿ ನೋಡುವುದು. ಯಂತ್ರವನ್ನು ಮಾರಿದವರು ಇಟ್ಟುಕೊಟ್ಟ ಪಾಸ್‌ವರ್ಡನ್ನು ಕೊಂಡವರು ಬದಲಾಯಿಸದೆ ಬಿಟ್ಟ ಕಡೆಯಲ್ಲೆಲ್ಲ ಬಾಗಿಲು ತೆರೆಯಿತು.

ಒಂದು ರಾತ್ರಿಯ ಪಾಠ

ಊರಿಗೆ ಊರೇ ಎಚ್ಚೆತ್ತದ್ದು 1988ರ ನವೆಂಬರ್ 2ರ ರಾತ್ರಿ. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಒಂದು ಪುಟ್ಟ ಪ್ರೋಗ್ರಾಮನ್ನು ಬರೆದು ಎಂ.ಐ.ಟಿ.ಯ ಕಂಪ್ಯೂಟರಿನಿಂದ ಜಾಲಕ್ಕೆ ಬಿಟ್ಟನು. ಅದು ತಾನೇ ತಾನಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದು ತನ್ನ ಪ್ರತಿಯನ್ನು ಇಡುವಂಥದು. ಆದ್ದರಿಂದ ಅದಕ್ಕೆ ‘ಹುಳು’ ಎಂದು ಹೆಸರಾಯಿತು. ಕಡತಗಳನ್ನು ಅಳಿಸುವ ಉದ್ದೇಶ ಅದಕ್ಕಿರಲಿಲ್ಲ. ಆದರೆ ಒಮ್ಮೆ ಹೊಕ್ಕ ಯಂತ್ರವನ್ನೇ ಮತ್ತೆ ಮತ್ತೆ ಹೊಗುವಂತೆ ಅದರ ರಚನೆಯಲ್ಲಿ ಲೆಕ್ಕ ತಪ್ಪಿತ್ತು. ಬೆಳಗಾಗುವುದರೊಳಗೆ ಯಂತ್ರಗಳು ಹುಳುವಿನ ಪ್ರತಿಗಳ ಭಾರದಿಂದಲೇ ಕುಸಿಯತೊಡಗಿದವು. ಆಗ ಜಾಲದಲ್ಲಿದ್ದ ಸುಮಾರು 60,000 ಕಂಪ್ಯೂಟರುಗಳ ಪೈಕಿ 6,000ದಷ್ಟು ಸೋಂಕಿಗೆ ಸಿಕ್ಕಿದವೆಂದು ಅಂದಾಜು. ಮಾರಿಸನ ತಂದೆ ಅಮೆರಿಕ ಸರ್ಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿದ್ದುದು ವಿಧಿಯ ವ್ಯಂಗ್ಯವೆನ್ನಬೇಕು.

ಈ ಕಥೆಯ ಒಂದು ಭಾಗವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಕೈಮೀರಿದ್ದನ್ನು ಕಂಡು ಗಾಬರಿಯಾದ ಮಾರಿಸ್ ತನ್ನ ಮಿತ್ರನೊಬ್ಬನನ್ನು ಬೇಡಿಕೊಂಡನು. ಮಿತ್ರನು ಹೆಸರು ಹಾಕದೆ, ಕ್ಷಮೆ ಕೇಳಿ, ಹುಳುವನ್ನು ತಡೆಯುವ ಉಪಾಯವನ್ನೂ ಬರೆದು ಜಾಲದಲ್ಲಿ ಕಳುಹಿಸಿದನು. ಆದರೆ ಆ ಪತ್ರ ಸಕಾಲದಲ್ಲಿ ತಲುಪಲಿಲ್ಲ. ಮಾರ್ಗಗಳು ಕಟ್ಟಿಹೋಗಿದ್ದವು, ಅನೇಕ ಸಂಸ್ಥೆಗಳು ಭಯದಿಂದ ಜಾಲದ ತಂತಿಯನ್ನೇ ಕಿತ್ತುಹಾಕಿದ್ದವು. ಕಳ್ಳನು ಬಾರದಿರಲೆಂದು ಬಾಗಿಲನ್ನು ಭದ್ರವಾಗಿ ಹಾಕಿದರೆ, ಮದ್ದು ತಂದ ವೈದ್ಯನೂ ಹೊರಗೇ ನಿಲ್ಲಬೇಕಾಯಿತು!

ಆ ರಾತ್ರಿ ಎರಡು ಪಾಠಗಳನ್ನು ಒಟ್ಟಿಗೆ ಕಲಿಸಿತು. ಬಾಗಿಲು ಸದಾ ತೆರೆದಿರುವಂತಿಲ್ಲ. ಸದಾ ಮುಚ್ಚಿರುವಂತೆಯೂ ಇಲ್ಲ. ಬೇಕಾದವರನ್ನು ಬಿಟ್ಟು ಬೇಡದವರನ್ನು ತಡೆಯುವ, ವಿವೇಕವುಳ್ಳ ಬಾಗಿಲು ಬೇಕು. ಫೈರ್‌ವಾಲ್ ಎಂಬುದರ ಸಾರ ಇದೇ. ಅದು ಹೆಸರಿಗೆ ಗೋಡೆ, ಕೆಲಸದಲ್ಲಿ ಬಾಗಿಲು.

ಅದೇ ತಿಂಗಳು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಇಂತಹ ವಿಪತ್ತುಗಳನ್ನು ಎದುರಿಸುವ ಒಂದು ತಂಡ ಸ್ಥಾಪನೆಯಾಯಿತು. 1990ರಲ್ಲಿ ಮಾರಿಸನಿಗೆ ಮೂರು ವರ್ಷ ಸನ್ನಡತೆಯ ನಿಗಾ, 400 ಗಂಟೆ ಸಮಾಜಸೇವೆ, 10,050 ಡಾಲರು ದಂಡ ವಿಧಿಸಲಾಯಿತು. ಮುಂದೆ ಅವನು ಅದೇ ಎಂ.ಐ.ಟಿ.ಯಲ್ಲಿ ಅಧ್ಯಾಪಕನಾದನು.

ಕಾವಲುಗಾರರ ಮೂರು ತಲೆಮಾರು

ಈ ಬಾಗಿಲು ಕೆಲಸ ಮಾಡುವ ಬಗೆಯನ್ನು ಅಂಚೆಯ ಹೋಲಿಕೆಯಿಂದ ತಿಳಿಯಬಹುದು. ಜಾಲದಲ್ಲಿ ಸಂದೇಶವು ಇಡಿಯಾಗಿ ಹೋಗುವುದಿಲ್ಲ. ತುಂಡು ತುಂಡಾಗಿ, ಪ್ಯಾಕೆಟ್ ಎಂಬ ಸಣ್ಣ ಲಕೋಟೆಗಳಲ್ಲಿ ಹೋಗುತ್ತದೆ. ಪ್ರತಿಯೊಂದು ಲಕೋಟೆಯ ಮೇಲೂ ಕಳುಹಿಸಿದವರ ವಿಳಾಸ, ಸೇರಬೇಕಾದವರ ವಿಳಾಸ, ಮತ್ತು ಪೋರ್ಟ್ ಎಂಬ ಒಂದು ಸಂಖ್ಯೆ ಇರುತ್ತವೆ. ವಿಳಾಸವು ಮನೆಯನ್ನು ಹೇಳಿದರೆ ಪೋರ್ಟ್ ಸಂಖ್ಯೆಯು ಮನೆಯೊಳಗಿನ ಕೋಣೆಯನ್ನು ಹೇಳುತ್ತದೆ ಎನ್ನಬಹುದು. ಯಂತ್ರದಿಂದ ಯಂತ್ರಕ್ಕೆ ಸಾಗುವ ಮಿಂಚಂಚೆಯ ಕೋಣೆ 25. ವೆಬ್ ಪುಟಗಳದ್ದು 80.

ಮೊದಲ ತಲೆಮಾರಿನ ಕಾವಲುಗಾರನು ಲಕೋಟೆಯ ಹೊರಮೈಯನ್ನು ಮಾತ್ರ ಓದುವವನು. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಜೆಫ್ರಿ ಮೊಗಲ್ 1989ರಲ್ಲಿ ಇಂತಹ ವ್ಯವಸ್ಥೆಯೊಂದನ್ನು ವಿವರಿಸಿ ಪ್ರಬಂಧ ಬರೆದರು. ಕಾವಲುಗಾರನ ಕೈಯಲ್ಲಿ ನಿಯಮಗಳ ಒಂದು ಪಟ್ಟಿ ಇರುತ್ತದೆ. ಇಂಥ ವಿಳಾಸದಿಂದ ಇಂಥ ಕೋಣೆಗೆ ಬಂದದ್ದನ್ನು ಬಿಡು, ಇಂಥದನ್ನು ತಡೆ ಎಂದು ಅದರಲ್ಲಿ ಬರೆದಿರುತ್ತದೆ. ಪಟ್ಟಿಯ ಕಡೆಯ ಸಾಲು ಬಹುಮುಖ್ಯವಾದದ್ದು: ಸ್ಪಷ್ಟವಾಗಿ ಅನುಮತಿ ಇಲ್ಲದ್ದೆಲ್ಲವೂ ನಿಷಿದ್ಧ. ನಾಲ್ಕು ಮನೆಯ ಊರಿನ ಧರ್ಮ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ನಿಷೇಧಿಸದ್ದೆಲ್ಲಕ್ಕೂ ಅನುಮತಿ ಇತ್ತು. ಒಂದು ಸಾಲಿನಲ್ಲಿ ಒಂದು ಯುಗವೇ ಮುಗಿಯಿತು.

ಆದರೆ ಲಕೋಟೆಯ ಮೇಲೆ ಸುಳ್ಳು ವಿಳಾಸವನ್ನು ಯಾರು ಬೇಕಾದರೂ ಬರೆಯಬಹುದಷ್ಟೆ. ಬೆಲ್ ಲ್ಯಾಬೊರೇಟರಿಯ ಸ್ಟೀವನ್ ಬೆಲೊವಿನ್ 1989ರಲ್ಲಿಯೇ ಈ ದೌರ್ಬಲ್ಯವನ್ನು ಎತ್ತಿ ತೋರಿಸಿದ್ದರು. ಆದುದರಿಂದ ಎರಡನೆಯ ಬಗೆಯ ಕಾವಲುಗಾರನು ಬಂದನು. ಇವನು ಯಾರನ್ನೂ ನೇರವಾಗಿ ಒಳಗೆ ಬಿಡುವುದಿಲ್ಲ. ಹೊರಗಿನವನ ಮಾತನ್ನು ತಾನೇ ಕೇಳಿ, ಅದು ಸರಿಯಾಗಿದ್ದರೆ, ಒಳಗಿನವನಿಗೆ ತಾನೇ ಹೇಳುತ್ತಾನೆ. ಉತ್ತರವನ್ನೂ ಹಾಗೆಯೇ ಒಯ್ಯುತ್ತಾನೆ. ಪ್ರಾಕ್ಸಿ ಎಂದು ಇವನ ಹೆಸರು. ಬೆಲ್ ಲ್ಯಾಬೊರೇಟರಿಯ ಬಿಲ್ ಚೆಸ್ವಿಕ್ 1990ರಲ್ಲಿ ತಮ್ಮ ಸಂಸ್ಥೆಯ ಇಂತಹ ಹೆಬ್ಬಾಗಿಲಿನ ವಿವರಗಳನ್ನು ಪ್ರಕಟಿಸಿದರು.

ಈ ಚೆಸ್ವಿಕ್ ವಿನೋದಪ್ರಿಯರು. 1991ರ ಜನವರಿ 7ರಂದು ಒಬ್ಬ ನುಸುಳುಕೋರನು ಅವರ ಹೆಬ್ಬಾಗಿಲಿನಲ್ಲಿ ಹಳೆಯ ಬಿರುಕೊಂದು ಇದೆಯೆಂದು ಭ್ರಮಿಸಿ ಪಾಸ್‌ವರ್ಡುಗಳ ಕಡತವನ್ನು ಕೇಳಿದನು. ಚೆಸ್ವಿಕ್ ಬೇಸರಿಸದೆ ಒಂದು ಖೋಟಾ ಕಡತವನ್ನು ಕಳುಹಿಸಿಕೊಟ್ಟರು! ಆಮೇಲೆ ಅವನಿಗಾಗಿಯೇ ಕಂಪ್ಯೂಟರಿನಲ್ಲಿ ಒಂದು ನಕಲಿ ಸೆರೆಮನೆ ಕಟ್ಟಿ, ತಿಂಗಳುಗಟ್ಟಲೆ ಅವನ ಆಟವನ್ನು ನೋಡಿದರು. ಅವನ ಜಾಡು ನೆದರ್ಲ್ಯಾಂಡ್ಸಿಗೆ ಹೋಗಿ ಮುಟ್ಟಿತು. ಅಲ್ಲಿ ಆಗಿನ್ನೂ ಇಂತಹ ನುಸುಳುವಿಕೆ ಅಪರಾಧವಾಗಿರಲಿಲ್ಲ. ಗೋಡೆಗಳು ಎದ್ದಷ್ಟು ಬೇಗ ಕಾನೂನುಗಳು ಏಳುವುದಿಲ್ಲ.

ಮೂರನೆಯ ತಲೆಮಾರು ಇಸ್ರೇಲಿನದು. 1993ರಲ್ಲಿ ಗಿಲ್ ಶ್ವೆಡ್, ಶ್ಲೋಮೊ ಕ್ರೇಮರ್, ಮಾರಿಯಸ್ ನಾಖ್ಟ್ ಎಂಬ ಮೂವರು ತರುಣರು ಚೆಕ್ ಪಾಯಿಂಟ್ ಎಂಬ ಕಂಪೆನಿಯನ್ನು ಕಟ್ಟಿದರು. ಅವರ ಕಾವಲುಗಾರನಿಗೆ ನೆನಪಿನ ಶಕ್ತಿಯಿತ್ತು. ಒಳಗಿನಿಂದ ಯಾರು ಯಾರಿಗೆ ಪ್ರಶ್ನೆ ಕಳುಹಿಸಿದರೆಂಬುದನ್ನು ಅವನು ಬರೆದಿಟ್ಟುಕೊಳ್ಳುತ್ತಾನೆ. ಹೊರಗಿನಿಂದ ಬಂದದ್ದು ಆ ಪ್ರಶ್ನೆಯ ಉತ್ತರವಾಗಿದ್ದರೆ ಬಿಡುತ್ತಾನೆ, ಕೇಳದೆ ಬಂದದ್ದಾದರೆ ತಡೆಯುತ್ತಾನೆ. ಇದರಿಂದ ಪ್ರಾಕ್ಸಿಯಷ್ಟು ವಿಳಂಬವಿಲ್ಲದೆ, ಬರಿಯ ಲಕೋಟೆ ಓದುವವನಿಗಿಂತ ಹೆಚ್ಚಿನ ಭದ್ರತೆ ದೊರೆಯಿತು. ನಿಯಮಗಳನ್ನು ತೆರೆಯ ಮೇಲೆ ಚಿತ್ರಗಳ ಸಹಾಯದಿಂದ ಬರೆಯುವಂತೆ ಮಾಡಿದ್ದರಿಂದ, ವಿದ್ವಾಂಸರ ಕೈಯಲ್ಲಿದ್ದ ವಿದ್ಯೆ ಸಾಮಾನ್ಯ ಕಚೇರಿಗಳಿಗೂ ಇಳಿಯಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಹೀಗಾಗಿ ನಾವು ಊರು ಸೇರುವ ಹೊತ್ತಿಗೆ ಈ ಮೂರು ಬಗೆಯ ಕಾವಲುಗಾರರೂ ಸಿದ್ಧರಾಗಿದ್ದರು. ಬಾಗಿಲಿಲ್ಲದ ಕಾಲವನ್ನು ನಾವು ಕಾಣಲೇ ಇಲ್ಲ.

ಪಕ್ಕದ ಬಾಗಿಲು

ಹಾಗಾದರೆ ಕೊಳ್ಳೆ ನಿಂತಿತೆ? ನಿಲ್ಲಲಿಲ್ಲ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಹೊರಟಿತು. ಅದರ ಗಾತ್ರ ಕೇವಲ 376 ಬೈಟು. ಈ ವಾಕ್ಯವೃಂದದ ಗಾತ್ರವೂ ಅದಕ್ಕಿಂತ ಹೆಚ್ಚು. ಅದು ತಗಲಿದ 75,000ದಷ್ಟು ಕಂಪ್ಯೂಟರುಗಳಲ್ಲಿ ಬಹುಪಾಲು ಮೊದಲ ಹತ್ತೇ ನಿಮಿಷಗಳಲ್ಲಿ ಸೋಂಕಿಗೆ ಸಿಕ್ಕಿದವು. ಹೊಕ್ಕ ಕೋಣೆಯ ಸಂಖ್ಯೆ 1434.

ಅದೇ ತಿಂಗಳು ಈ ಹುಳು ಅಮೆರಿಕದ ಓಹಾಯೋ ಸಂಸ್ಥಾನದ ಡೇವಿಸ್-ಬೆಸ್ ಅಣುವಿದ್ಯುತ್ ಸ್ಥಾವರವನ್ನೂ ಹೊಕ್ಕಿತು. ಅಲ್ಲಿ ಒಳ್ಳೆಯ ಫೈರ್‌ವಾಲ್ ಇತ್ತು. 1434ನೆಯ ಕೋಣೆಗೆ ಬರುವುದನ್ನೆಲ್ಲ ಅದು ತಡೆಯುತ್ತಿತ್ತು. ಆದರೆ ಒಬ್ಬ ಗುತ್ತಿಗೆದಾರನ ಕಚೇರಿಯಿಂದ ಸ್ಥಾವರದ ಕಚೇರಿ ಜಾಲಕ್ಕೆ ಅನುಕೂಲಕ್ಕೆಂದು ಎಳೆದ ಪ್ರತ್ಯೇಕ ಮಾರ್ಗವೊಂದಿತ್ತು. ಅದು ಫೈರ್‌ವಾಲನ್ನು ಬಳಸಿಕೊಂಡು ಪಕ್ಕದಿಂದ ಒಳಹೋಗುತ್ತಿತ್ತು. ಹುಳು ಬಂದದ್ದು ಆ ದಿಡ್ಡಿ ಬಾಗಿಲಿನಿಂದ. ಅದರ ದೋಷಪರಿಹಾರವನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಕೊಟ್ಟಿದ್ದರೂ ಅಲ್ಲಿ ಹಾಕಿರಲಿಲ್ಲ. ಸ್ಥಾವರದ ಸುರಕ್ಷತಾ ಸ್ಥಿತಿಯನ್ನು ತೋರಿಸುವ ಫಲಕವು ಸುಮಾರು ಐದು ಗಂಟೆಗಳ ಕಾಲ ಕುರುಡಾಯಿತು. ರಿಪೇರಿಗಾಗಿ ಸ್ಥಾವರವನ್ನು ಮೊದಲೇ ನಿಲ್ಲಿಸಿದ್ದುದು ಪುಣ್ಯ.

ನಮ್ಮ ದೇಶದ ಕೂಡಂಕುಳಂ ಅಣುವಿದ್ಯುತ್ ಕೇಂದ್ರದಲ್ಲಿಯೂ 2019ರಲ್ಲಿ ಇದಕ್ಕೆ ಹೋಲುವ ಎಚ್ಚರಿಕೆ ದೊರೆಯಿತು. ಆಡಳಿತದ ಕೆಲಸಕ್ಕಾಗಿ ಇಂಟರ್ನೆಟ್ಟಿಗೆ ಜೋಡಿಸಿದ್ದ ಕಂಪ್ಯೂಟರೊಂದಕ್ಕೆ ಸೋಂಕು ತಗಲಿತೆಂದು ಅಣುವಿದ್ಯುತ್ ನಿಗಮವು ಅಕ್ಟೋಬರ್ 30ರಂದು ಒಪ್ಪಿಕೊಂಡಿತು. ಸ್ಥಾವರವನ್ನು ನಡೆಸುವ ಒಳಜಾಲ ಅದರಿಂದ ಪ್ರತ್ಯೇಕವಾಗಿದ್ದುದರಿಂದ ಅಲ್ಲಿಗೆ ತೊಂದರೆ ಮುಟ್ಟಲಿಲ್ಲವೆಂದೂ ತಿಳಿಸಿತು. ಹೊರಗೋಡೆ ಸೋತಾಗ ಒಳಗೋಡೆ ನಿಂತಿತು. ಲಂಡನ್ನಿನ ಸಾಲುಮನೆಗಳಿಗೆ ಹೇಳಿದ ಅರ್ಥ ಇದೇ ಅಲ್ಲವೆ?

ಇಂತಹ ಅನುಭವಗಳಿಂದ ತಜ್ಞರ ಮನಸ್ಸೂ ಬದಲಾಯಿತು. ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆತ್ತನೆಯ ತಿರುಳು ಆಗಿದ್ದರೆ, ಒಮ್ಮೆ ಒಳಹೊಕ್ಕ ಕಳ್ಳನಿಗೆ ಇಡೀ ಮನೆಯೇ ಅವನದು. ಈಗ ಲಕೋಟೆಗಳು ಗೂಢಲಿಪಿಯಲ್ಲಿ ಬರುತ್ತವೆ. ಕಾವಲುಗಾರನು ಒಳಗಿನದನ್ನು ಓದಲಾರ. ನೌಕರರು ಮನೆಯಿಂದಲೂ ರೈಲಿನಿಂದಲೂ ಕೆಲಸ ಮಾಡುತ್ತಾರೆ. ಒಳಗು ಯಾವುದು, ಹೊರಗು ಯಾವುದು? 2004ರಲ್ಲಿ ಇದನ್ನೇ ಪ್ರಶ್ನಿಸಿ ಹುಟ್ಟಿದ ಒಂದು ವೇದಿಕೆ, ಬೈಬಲ್ಲಿನಲ್ಲಿ ಗೋಡೆ ಕುಸಿದ ಪಟ್ಟಣದ ನೆನಪಿಗೆ, ‘ಜೆರಿಕೊ’ ಎಂದು ಹೆಸರಿಟ್ಟುಕೊಂಡಿತು. 2010ರಲ್ಲಿ ಜಾನ್ ಕಿಂಡರ್ವಾಗ್ ಎಂಬುವರು ‘ಶೂನ್ಯ ನಂಬಿಕೆ’ ಎಂಬ ತತ್ತ್ವವನ್ನು ಮುಂದಿಟ್ಟರು. ಅದರ ಪ್ರಕಾರ ಒಳಗಿದ್ದಾನೆಂಬ ಕಾರಣಕ್ಕೆ ಯಾರನ್ನೂ ನಂಬಕೂಡದು; ಪ್ರತಿಯೊಂದು ಕೋಣೆಯ ಬಾಗಿಲಿನಲ್ಲಿಯೂ ಗುರುತು ಕೇಳಬೇಕು. ಎಲ್ಲರನ್ನೂ ನಂಬಿದ ಊರು ನಲವತ್ತು ವರ್ಷಗಳಲ್ಲಿ ಯಾರನ್ನೂ ನಂಬದ ಊರಾಯಿತು. ಇದನ್ನು ಬರೆಯುವಾಗ ನನಗೆ ಖೇದವಾಗುತ್ತದೆ. ಬೇರೆ ದಾರಿಯಿತ್ತೆಂದು ಮಾತ್ರ ಹೇಳಲಾರೆ.

ಇನ್ನು ನನ್ನ ತಪ್ಪೊಪ್ಪಿಗೆ. ಮನೆಮಂದಿಯ ಕಂಪ್ಯೂಟರಿಗೆ ಫೈರ್‌ವಾಲ್ ಬಂದ ಕಥೆಯೂ ಗಾದೆಯಂತೆಯೇ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಇತ್ತು, ಆದರೆ ತಾನಾಗಿ ಚಾಲೂ ಆಗುತ್ತಿರಲಿಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು ಲೋಕವನ್ನೆಲ್ಲ ಕಾಡಿದ ಮೇಲೆ, 2004ರ ಆಗಸ್ಟಿನ ತಿದ್ದುಪಡಿಯಲ್ಲಿ, ಅದು ಮೊದಲಿನಿಂದಲೇ ಚಾಲೂ ಇರುವಂತೆ ಮಾಡಿದರು. ಇಷ್ಟು ಕಷ್ಟದಿಂದ ನನ್ನ ಮನೆಗೆ ಬಂದ ಕಾವಲುಗಾರನನ್ನು ನಾನೇನು ಮಾಡಿದೆ? ಒಂದು ದಿನ ಪ್ರಿಂಟರು ಕೆಲಸ ಮಾಡಲಿಲ್ಲ. ಯಾರೋ ಫೋನಿನಲ್ಲಿ, ಫೈರ್‌ವಾಲನ್ನು ಆರಿಸಿ ನೋಡಿ ಎಂದರು. ಆರಿಸಿದೆ; ಕಾಗದ ಹೊರಬಂತು; ಸಂತೋಷವಾಯಿತು. ಮತ್ತೆ ಹಚ್ಚಬೇಕೆಂಬುದು ನನಗೆ ನೆನಪಾದದ್ದು ಏಳು ತಿಂಗಳ ನಂತರ, ಹಸಿರು ಗುರುತು ಇರಬೇಕಾದಲ್ಲಿ ಕೆಂಪು ಗುರುತನ್ನು ಕಂಡಾಗ.

ಆ ದಿನವೇ ನಾನು ಈ ಚರಿತ್ರೆಯನ್ನು ಓದತೊಡಗಿದ್ದು. ಬದಲಾಯಿಸದೆ ಬಿಟ್ಟ ಪಾಸ್‌ವರ್ಡು, ಅನುಕೂಲಕ್ಕೆಂದು ಎಳೆದ ತಂತಿ, ಪ್ರಿಂಟರಿಗಾಗಿ ಆರಿಸಿದ ಕಾವಲು: ದಿಡ್ಡಿ ಬಾಗಿಲನ್ನು ತೆರೆದಿಟ್ಟವನು ಇಲ್ಲೆಲ್ಲ ಶತ್ರುವಲ್ಲ, ಮನೆಯವನೇ, ಅದೂ ದುರುದ್ದೇಶದಿಂದಲ್ಲ, ಸ್ವಲ್ಪ ಸುಲಭವಾಗಲಿ ಎಂಬ ಆಸೆಯಿಂದ. ಫೈರ್‌ವಾಲಿನ ನಿಯಮಗಳ ಪಟ್ಟಿಯಲ್ಲಿ ಎಷ್ಟೋ ಸಾಲುಗಳು ಹಿಂದೆ ಎಲ್ಲಿಯೋ ಆದ ಕೊಳ್ಳೆಯೊಂದರ ನೆನಪು. ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದವರನ್ನು ನಾನು ಈಗ ನಗುವುದಿಲ್ಲ. ಅವರು ಹಾಕಿದ ಬಾಗಿಲನ್ನು ಮರೆತು ತೆರೆದಿಟ್ಟವನಿಗೆ ಆ ಹಕ್ಕು ಇಲ್ಲ.